ಮರಗಮ್ಮನ ಹೆಸರಿನ ಮರಿ

ಆ ಮುಂಜಾನೆ ಅಂಗಳದಲ್ಲಿ ನಾವು ಐದು ಜನ ಇದ್ದೆವು. ಹೊರಸಿನ ಮೇಲೆ ಕುಳಿತು ಬಸಿಯಲ್ಲಿ ಚಹಾ ಸುರಿದುಕೊಂಡು ಕುಡಿಯುತ್ತಿದ್ದ ಲೈನ್‌ಮನ್ ಕಾಕಾ. ಕಾವಿಗೆ ಕೂತ ಕೋಳಿ ಎದ್ದುಹೋದ ಮೇಲೆ ಅದರ ಬುಟ್ಟಿಯನ್ನು ಕೊಡವಲು ಬಗ್ಗಿದ್ದ ಕಾಕಿ. ಗೋಡೆಗೆ ಬೆನ್ನು ಕೊಟ್ಟು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಿಸಿಲು ಕಾಯಿಸಿಕೊಳ್ಳುತ್ತಿದ್ದ ಅವರ ಮಗಳು. ಆಕೆಯ ಏಳು ತಿಂಗಳ ಕುಬಸಕ್ಕೆಂದು ಹುಣಸಗಿ ಆಚೆಯ ಹೊಳೆದಂಡೆಯ ಊರಿನಿಂದ ಬಂದಿದ್ದ ಕಾಕಾನ ಅಕ್ಕ. ಐದನೆಯವನು ನಾನು, ಸಜ್ಜೆಯ ನುಚ್ಚು ಕೊಡಲು ಬಂದವನು. ಸುರಪುರದ ನಮ್ಮ ಓಣಿಯಲ್ಲಿ ಅವರ ಮನೆಗೂ ನನ್ನ ಹಿಟ್ಟಿನ ಗಿರಣಿಗೂ ನಡುವೆ ಇರುವುದು ಒಂದೇ ಗೋಡೆ.

ಸಂಕ್ರಾಂತಿ ಕಳೆದ ದಿನಗಳು, ಚಳಿ ಇನ್ನೂ ಬಿಟ್ಟಿರಲಿಲ್ಲ. ಕೋಳಿ ತನ್ನ ಮರಿಗಳನ್ನು ಕರೆದುಕೊಂಡು ಅಂಗಳವೆಲ್ಲ ಕೆದರುತ್ತಿತ್ತು. ಬುಟ್ಟಿಯ ಹೊಟ್ಟಿನೊಳಗೆ ಒಂದು ಮರಿ ಮಾತ್ರ ಉಳಿದಿತ್ತು. ಎಲ್ಲಕ್ಕಿಂತ ಕೊನೆಗೆ ತತ್ತಿ ಒಡೆದು ಬಂದದ್ದು. ಎರಡೂ ಕಾಲು ಎರಡು ಕಡೆ ಚಾಚಿ, ಕುತ್ತಿಗೆ ಕೆಳಗೆ ಹಾಕಿ, ಒದ್ದೆ ಹತ್ತಿಯ ಉಂಡೆಯ ಹಾಗೆ ಬಿದ್ದಿತ್ತು. ಕಾಕಾನ ಅಕ್ಕ ಅದನ್ನು ಒಂದು ಕಾಲು ಹಿಡಿದು ಎತ್ತಿದಳು.

"ಇದು ಉಳಿಯಾಂಗಿಲ್ಲ. ಬಸರ ಹೆಣ್ಣಮಗಳು ಇರೋ ಮನ್ಯಾಗ ಇಂಥಾದ್ದು ಪ್ರಾಣ ಬಿಡಬಾರದು. ತಿಪ್ಪಿಗಿ ಒಗದು ಬರ್ತೀನಿ."

ಗೋಡೆಯ ಬಳಿ ಕುಳಿತ ಮಗಳು ಮುಖ ಆಚೆ ತಿರುಗಿಸಿದಳು. ಹಿಂದಿನ ವರ್ಷ ಆಕೆಗೆ ಒಂದು ಕೂಸು ಹೊಟ್ಟೆಯಲ್ಲಿ ನಿಂತಿರಲಿಲ್ಲ. ಆ ಮಾತನ್ನು ಆ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ.

ಕಾಕಾ ಬಸಿ ಕೆಳಗಿಟ್ಟ. "ಅಕ್ಕಾ, ಅದನ್ನ ಕೆಳಗ ಇಡು."

"ಯಾಕೋ?"

"ಅದು ಮರಗಮ್ಮಂದು. ನಾ ಅಕಿಗಿ ಬಿಟ್ಟೀನಿ."

"ಯಾವಾಗ ಬಿಟ್ಟಿಯೋ?"

"ಈಗ. ನಿನ್ನ ಮುಂದ. ಇನ್ನ ಒಗಿ, ನೋಡೂಣು."

ಅಕ್ಕನ ಕೈ ಅಲ್ಲಿಯೇ ನಿಂತಿತು. ನಮ್ಮ ಕಡೆ ದೇವಿಯ ಹೆಸರಿಗೆ ಬಿಟ್ಟ ಕೋಳಿಯನ್ನು ಯಾರೂ ಮುಟ್ಟುವುದಿಲ್ಲ. ಅದು ಅಡುಗೆಮನೆಗೆ ಬಂದರೂ ಹೊಡೆಯುವುದಿಲ್ಲ, ಒಣಹಾಕಿದ ಕಾಳಿಗೆ ಬಾಯಿ ಹಾಕಿದರೂ ಅಟ್ಟುವುದಿಲ್ಲ. ಅದು ಬೆಳೆಯಬೇಕು, ಆಷಾಢದಲ್ಲಿ ಗುಡಿಗೆ ಹೋಗಬೇಕು, ಅಲ್ಲಿ ಕೊಯ್ಯಿಸಿಕೊಳ್ಳಬೇಕು. ಬಾಯಿಂದ ಅಂದ ಮೇಲೆ ಹರಕೆ ಹರಕೆಯೇ. ಅಕ್ಕ ಮರಿಯನ್ನು ಮೆಲ್ಲಗೆ ಹೊಟ್ಟಿನ ಮೇಲಿಟ್ಟು, ಒಳಗಿನಿಂದ ಭಂಡಾರದ ಹಳದಿ ಪುಡಿ ತಂದು ಅದರ ಬೆನ್ನಿಗೆ ಹಚ್ಚಿ, ಕಾಲಿಗೆ ಅರಿಷಿಣದ ದಾರ ಕಟ್ಟಿ ಕೈ ಮುಗಿದಳು. ಕಾಕಾ ಗೆದ್ದವನ ಹಾಗೆ ಮೀಸೆಯ ಮೇಲಿನ ಚಹಾ ಒರೆಸಿಕೊಂಡ. ಮರಿಯನ್ನು ತಿಪ್ಪೆಯಿಂದ ಉಳಿಸಿ ಕುಡುಗೋಲಿಗೆ ಬರೆದುಕೊಟ್ಟಿದ್ದೇನೆ ಎಂಬುದು ಆ ಸಿಟ್ಟಿನಲ್ಲಿ ಅವನಿಗೆ ಹೊಳೆದಿರಲಿಲ್ಲ. ನನಗೂ ಹೊಳೆಯಲಿಲ್ಲ. ಕಾಕಿಗೆ ಮಾತ್ರ ಹೊಳೆಯಿತು. "ಅಂದಬಿಟ್ರಲ್ಲರೀ" ಎಂದು ಸಣ್ಣ ದನಿಯಲ್ಲಿ ಹೇಳಿ ಬುಟ್ಟಿ ತೊಳೆಯಲು ಹೋದಳು.

ಕಾಕಾ ತೀರಿಕೊಂಡು ಒಂದು ಮಳೆಗಾಲ ಕಳೆಯಿತು. ನನಗಿಂತ ಎಷ್ಟೋ ದೊಡ್ಡವನು, ಆದರೂ ನಾನು ಏಕವಚನದಲ್ಲಿಯೇ ಬರೆಯುತ್ತಿದ್ದೇನೆ. ಬದುಕಿದ್ದಾಗ ನಾನು ಒಮ್ಮೆ "ಬರ್ರಿ ಕಾಕಾ, ಕೂಡ್ರಿ" ಅಂದದ್ದಕ್ಕೆ, "ಯಾಕೋ ಗಿರಣಿ, ನನ್ನ ಮ್ಯಾಲ ಏನರ ಸಿಟ್ಟದೇನು? ರೀ ಹಚ್ಚಾಕತ್ತೀ" ಎಂದು ಕೇಳಿದವನು ಆತ. ನನ್ನನ್ನು ಕರೆಯುತ್ತಿದ್ದದ್ದು ಗಿರಣಿ ಅಂತಲೇ.

ಬಾಗಿಲಲ್ಲಿ ಬಗ್ಗಿ ಬರಬೇಕಾದಷ್ಟು ಎತ್ತರದ ಆಳು. ನಿವೃತ್ತನಾದ ಮೇಲೂ ಖಾಕಿ ಅಂಗಿ ಬಿಟ್ಟಿರಲಿಲ್ಲ. ಎಡಗೈಯಲ್ಲಿ ಮೂರೇ ಬೆರಳು. ಕಂಬದ ಮೇಲೆ ಕರೆಂಟ್ ಹೊಡೆದಾಗ ಕಲಬುರಗಿಯ ಆಸ್ಪತ್ರೆಯಲ್ಲಿ ಮಣಿಕಟ್ಟಿನವರೆಗೆ ಕೈ ತೆಗೆಯಬೇಕು ಅಂದಿದ್ದರಂತೆ. "ಯಾರ್ ಅಂದಾರ?" ಎಂದು ಕೇಳಿದ ಕಾಕಾ. ದೊಡ್ಡ ಡಾಕ್ಟರ್ ಅಂದಾರೆ ಎಂದರು. "ಹಂಗಾರ ಅಂವಂದು ತಗೀರಿ ಮೊದಲ." ಎರಡು ಬೆರಳು ಹೋದವು, ಕೈ ಉಳಿಯಿತು, ಆ ಕೈಯಿಂದಲೇ ನಿವೃತ್ತಿಯವರೆಗೆ ಕಂಬ ಹತ್ತಿದ. 'ಯಾರ್ ಅಂದಾರ?' ಎಂಬುದು ಆತನ ಬಾಯಲ್ಲಿ ಎಲೆ ಅಡಿಕೆಯ ಹಾಗೆ ಯಾವಾಗಲೂ ಇರುತ್ತಿತ್ತು. ಮಳೆ ಬರುವುದಿಲ್ಲ ಅಂದರೂ ಅದೇ, ಬಸ್ಸು ಹೋಯಿತು ಅಂದರೂ ಅದೇ.

ಒಮ್ಮೆ ಊರಿನ ದೊಡ್ಡ ಮನುಷ್ಯನೊಬ್ಬ ಮಗನ ಮದುವೆಗೆ ಕಂಬಕ್ಕೆ ನೇರ ಕೊಕ್ಕೆ ಹಾಕಿ ಹಂದರವೆಲ್ಲ ದೀಪ ಮಾಡಿಸಿದ್ದ. ಕಾಕಾ ಹೋಗಿ ಹತ್ತಿ ಕೊಕ್ಕೆ ಕಿತ್ತ. ಕೆಳಗೆ ನಿಂತ ದೊಡ್ಡ ಮನುಷ್ಯ, "ಏ, ನಾ ಯಾರ ಗೊತ್ತೇನು?" ಎಂದು ಕೂಗಿದ. ಕಾಕಾ ಮೇಲಿನಿಂದಲೇ ಹೇಳಿದ: "ಇಲ್ಲಿಂದ ಎಲ್ಲಾರೂ ಸಣ್ಣವರ ಕಾಣ್ತಾರ, ಗುರ್ತು ಹತ್ತವಲ್ದು." ಮರುವಾರ ಹತ್ತಿಕುಣಿಗೆ ವರ್ಗವಾಯಿತು. ಅಲ್ಲಿಂದ ತಿರುಗಿ ಬಂದಾಗ ಯಾವ ದುಃಖವೂ ಇರಲಿಲ್ಲ. ಕೆರೆಯ ಮೀನು ತಿಂದು ಒಂದು ಸುತ್ತು ದಪ್ಪಗಾಗಿ ಬಂದಿದ್ದ.

ಇಂಥವನು ಕೋಳಿಮರಿ ಸಾಕಲು ಕುಳಿತ. ಆ ಕೆಲಸ ಅವನಿಗೆ ಬರುತ್ತಿರಲಿಲ್ಲ. ಮೊದಲ ದಿನ ಬುಟ್ಟಿ ಬೋರಲು ಹಾಕಿ ಒಳಗೆ ಬಲ್ಬು ಇಳಿಬಿಟ್ಟ. ಅಂಗಡಿಯಲ್ಲಿ ಸಿಕ್ಕ ದೊಡ್ಡ ಬಲ್ಬು. ಸ್ವಲ್ಪ ಹೊತ್ತಿಗೆ ಮರಿ ಬಾಯಿ ತೆರೆದು ತೇಕತೊಡಗಿತು. ಕಾಕಿ ಓಡಿಬಂದು ಬುಟ್ಟಿ ಎತ್ತಿದಳು: "ಸಾಕಾಕತ್ತೀರೋ, ಸುಟ್ಟು ತಿನ್ನಾಕತ್ತೀರೋ?" ಸಣ್ಣ ಬಲ್ಬು ಬಂತು. ಕರೆಂಟು ಹೋದಾಗ ಮರಿಗೆ ಜಾಗ ಖಾಕಿ ಅಂಗಿಯ ಕಿಸೆ. ಇಡೀ ಆಯುಷ್ಯ ಊರಿಗೆ ಕರೆಂಟು ಕೊಟ್ಟ ಮನುಷ್ಯ, ಕರೆಂಟು ಹೋಯಿತೆಂದು ತನ್ನ ಹಳೆಯ ಆಫೀಸಿಗೆ ಫೋನು ಮಾಡಿ ಬಯ್ಯುವುದನ್ನು ನಾನು ಕಣ್ಣಾರೆ ಕಂಡೆ.

ಹೋಟೆಲಿನಲ್ಲಿ ಕುಳಿತಾಗ ಕಿಸೆಯಿಂದ ಪೀಂ ಪೀಂ ದನಿ. "ಕಾಕಾ, ಫೋನ್ ಬಂತು ನೋಡು."

"ಫೋನ್ ಅಲ್ಲಲೇ, ಮರಗಮ್ಮ" ಎನ್ನುತ್ತಿದ್ದ. ನಕ್ಕವರು ಮರುಗಳಿಗೆ ಕೈ ಮುಗಿಯುತ್ತಿದ್ದರು.

ಚಾಚಿದ ಕಾಲುಗಳನ್ನು ಹತ್ತಿರ ತರಲು ವೈರಿಗೆ ಸುತ್ತುವ ಕರಿ ಟೇಪನ್ನೇ ಸಣ್ಣಗೆ ಕತ್ತರಿಸಿ, ನಡುವೆ ಒಂದಿಷ್ಟು ಜಾಗ ಬಿಟ್ಟು ಎರಡೂ ಕಾಲಿಗೆ ಸುತ್ತಿದ. ಬೆಲ್ಲದ ನೀರನ್ನು ಬೆರಳಿಗೆ ಹಚ್ಚಿ ಕೊಕ್ಕಿನ ಅಂಚಿಗೆ ಹಿಡಿದ. ಬೇಯಿಸಿದ ತತ್ತಿಯ ಹಳದಿಯನ್ನು ಪುಡಿ ಮಾಡಿ ಇಟ್ಟ. ಮರಿ ನೀರು ಒಂದಿಷ್ಟು ತೆಗೆದುಕೊಂಡಿತು, ಕಾಳಿನ ಕಡೆ ನೋಡಲಿಲ್ಲ. ಮರಿಯನ್ನು ತಾಯಿಯ ಹತ್ತಿರ ಬಿಟ್ಟರೆ ತಾಯಿಯೇ ಕುಕ್ಕಿತು. ಆ ಕೋಳಿಯನ್ನು ಕಾಕಾ ಬಯ್ದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಪಶು ಆಸ್ಪತ್ರೆಗೂ ಹೋದೆವು. ಅಲ್ಲಿದ್ದವನು ಕಿಸೆಯಿಂದ ಹೊರಬಂದ ಪೇಷಂಟನ್ನು ನೋಡಿ ನಕ್ಕ. "ಇದೊಂದಕ್ಕ ಇಷ್ಟು ದೂರ ಬಂದೀರೇನ್ರಿ? ಊರಾಗ ಮರಿಗೇನ್ ಬರ ಬಂದದ?"

"ನಿಮ್ಮನಿ ಕೂಸಿಗಿ ಜ್ವರ ಬಂದ್ರ, ಊರಾಗ ಕೂಸು ಭಾಳ ಅದಾವ ಅಂತ ಸುಮ್ನಿರ್ತೀರೇನು?"

ಆತ ನಗು ನಿಲ್ಲಿಸಿ ಮರಿಯನ್ನು ಅಂಗೈಯಲ್ಲಿ ತೆಗೆದುಕೊಂಡು ನೋಡಿದ. ನೀರಿನಲ್ಲಿ ಹಾಕುವ ಔಷಧದ ಸಣ್ಣ ಶೀಸೆ ಕೊಟ್ಟ. "ಪ್ರಯತ್ನ ಮಾಡ್ರಿ. ನಾ ಅಂತೂ ಭರವಸಿ ಕೊಡಾಂಗಿಲ್ಲ."

"ಭರವಸಿ ಯಾರ ಕೇಳ್ಯಾರ? ಶೀಸೆ ಕೇಳೀನಿ" ಎಂದು ಕಾಕಾ ಎದ್ದ.

ಆದರೂ ಮರಿ ಬೆಳೆಯಲಿಲ್ಲ. ಜೊತೆಯ ಮರಿಗಳಿಗೆ ರೆಕ್ಕೆಗರಿ ಬಂದವು, ಇದು ಲಿಂಬೆಹಣ್ಣಿನಷ್ಟೇ ಉಳಿಯಿತು, ಹಿಂಭಾಗ ಬೋಳು. ಒಂದು ದಿನ ಗಿರಣಿಗೆ ತಂದು ನನ್ನ ತೂಕದ ಕಾಟಾದ ಮೇಲಿಟ್ಟ. ಚೀಲ ತೂಗುವ ಕಾಟಾ, ಮುಳ್ಳು ಅಲುಗಲಿಲ್ಲ. ಕಾಕಾ ಬಗ್ಗಿ ಮುಳ್ಳನ್ನೇ ನೋಡಿದ. "ನಿನ್ನ ಕಾಟಾ ಕೆಟ್ಟದ" ಅಂದ, ಮರಿಯನ್ನು ಕಿಸೆಗೆ ಹಾಕಿಕೊಂಡು ಹೋದ.

ಗೆದ್ದಲಿನ ವಿಚಾರ ಹೇಳಿದವಳು ಕಾಕಿ. ಮರಿಯ ಬಗ್ಗೆ ಆಕೆಗೆ ಭಯವಿತ್ತು, ಆದರೆ ಹಸಿದ ಬಾಯಿಯನ್ನು ನೋಡುತ್ತ ಕುಳಿತುಕೊಳ್ಳುವುದೂ ಆಗುತ್ತಿರಲಿಲ್ಲ. ಗಡಿಗೆಯಲ್ಲಿ ಒಣ ಸಗಣಿ, ಹುಲ್ಲು ತುಂಬಿ ನೀರು ಚಿಮುಕಿಸಿ ಹುತ್ತದ ಪಕ್ಕ ಬೋರಲು ಹಾಕಿದರೆ ಮರುದಿನಕ್ಕೆ ಗೆದ್ದಲು ತುಂಬಿರುತ್ತವೆ. ಕಾಕಾ ಗುಡ್ಡದ ಬುಡಕ್ಕೆ ಗಡಿಗೆ ಹೊತ್ತುಕೊಂಡು ಹೋಗಿಬಂದ. ಮರುದಿನ ನಾನು ಯಾರದೋ ಜೋಳ ಬೀಸುತ್ತಿದ್ದೆ. ಗೋಡೆಯ ಆಚೆಯಿಂದ ಗಿರಣಿಯ ಸದ್ದನ್ನೂ ಮೀರಿ ಕೂಗು ಬಂತು: "ಗಿರಣಿ ಬಂದ್ ಮಾಡೋ! ಬಾ, ತಿನ್ನಾಕತ್ತಾದ!"

ಬಂದ್ ಮಾಡಿ ಓಡಿದೆ. ಹಿಟ್ಟಿಗೆ ಬಂದ ಹೆಂಗಸರೂ ನನ್ನ ಹಿಂದೆ ಬಂದರು. ನೆಲದ ಮೇಲೆ ಗೆದ್ದಲೊಂದು ಹರಿಯುತ್ತಿತ್ತು. ಮರಿ ತಲೆ ಓರೆ ಮಾಡಿ ನೋಡಿತು, ಗುರಿ ತಪ್ಪಿ ನೆಲ ಕುಕ್ಕಿತು, ಮತ್ತೆ ಕುಕ್ಕಿತು, ನುಂಗಿತು. ಕಾಕಾ ನಮ್ಮನ್ನೆಲ್ಲ ಒಂದು ಸುತ್ತು ನೋಡಿದ. "ಉಳಿಯಾಂಗಿಲ್ಲ ಅಂದಾಂವ ಯಾಂವ? ಬರ್ರಿ ಮುಂದ."

ಆ ಸಂಜೆ ನನ್ನೊಬ್ಬನನ್ನು ಬಿಟ್ಟು ಎಲ್ಲರೂ ಹೋದ ಮೇಲೆ ಮಗಳು ಬುಟ್ಟಿಯ ಹತ್ತಿರ ಕುಳಿತು ಕೇಳಿದಳು: "ಅಪ್ಪಾ, ಖರೇ ಹೇಳು. ಉಳೀತದೇನು?"

ಅವಳು ಮರಿಯ ಕಡೆ ನೋಡುತ್ತಿರಲಿಲ್ಲ. ಯಾವಾಗಲೂ ಮಾತು ಸಿದ್ಧವಿರುತ್ತಿದ್ದ ಕಾಕಾ ಬುಟ್ಟಿಯ ಹೊಟ್ಟು ಸರಿಪಡಿಸಿದ.

"ನಂಗೊತ್ತಿಲ್ಲವ್ವಾ" ಅಂದ. "ಇವತ್ತ ಉಂಡದ. ನಾಳಿ ಮತ್ತ ಉಣಸೂಣು."

ಮಗಳ ಹೆರಿಗೆ ಸುಖವಾಗಿ ಆಯಿತು. ಹೆಣ್ಣು ಕೂಸು. ಮರಿಯೂ ನಿಧಾನಕ್ಕೆ ಮೈ ಹಿಡಿಯಿತು, ಬೋಳು ಜಾಗದಲ್ಲಿ ಗರಿ ಬಂದವು, ನೆತ್ತಿಯ ಮೇಲೆ ಕೆಂಪು ಜುಟ್ಟು ಎದ್ದಿತು. ಹುಂಜ. ಒಂದು ಕಾಲು ಸ್ವಲ್ಪ ಸೊಟ್ಟಗೇ ಉಳಿಯಿತು, ದನಿ ಒಡಕು. ಅದರ ಕಾಲಿನ ಅರಿಷಿಣದ ದಾರ ಬಿಗಿಯಾದಂತೆಲ್ಲ ಕಾಕಿ ಬಿಚ್ಚಿ ಸಡಿಲ ಮಾಡಿ ಕಟ್ಟುತ್ತಿದ್ದಳು. ಹಾಗೆ ಕಟ್ಟುವಾಗಲೆಲ್ಲ ಕಾಕಾ ಎದ್ದು ಹೊರಗೆ ಹೋಗುತ್ತಿದ್ದ.

ಆಷಾಢ ಬಂತು. ಕಾಕಾನ ಅಕ್ಕನೂ ಬಂದಳು. ಅದೇ ಹೊತ್ತಿಗೆ ಕೂಸಿಗೆ ಜ್ವರ, ಕೆಮ್ಮು. ಶಹಾಪುರದ ಮಕ್ಕಳ ಡಾಕ್ಟರ ಹತ್ತಿರ ತೋರಿಸಿಕೊಂಡು ಬಂದಿದ್ದರು, ಔಷಧ ನಡೆದಿತ್ತು. ಆದರೆ ಸಂಜೆಯಾದರೆ ಮೈ ಮತ್ತೆ ಬಿಸಿಯಾಗುತ್ತಿತ್ತು.

"ಮರಗಮ್ಮ ನೆನಪ ಮಾಡಾಕತ್ತ್ಯಾಳ" ಅಂದಳು ಅಕ್ಕ. "ಬಾಯಿಲೆ ಅಂದು ಹುಂಜ ಮನ್ಯಾಗ ಇಟಗೊಂಡು ಕುಂತೀರಿ. ಕೂಸಿನ ಮ್ಯಾಲ ಬಂತು."

"ಯಾರ್ ಅಂದಾರ? ಮಳಿಗಾಲದಾಗ ಊರ ತುಂಬ ಕೂಸು ಕೆಮ್ಮಾಕತ್ತಾವ. ಅವರೆಲ್ಲಾರ ಮನ್ಯಾಗ ಹುಂಜ ಅದಾವೇನು?"

ಅಕ್ಕನೊಂದಿಗೆ ಜಗಳವಾಡಬಹುದಿತ್ತು, ಕಾಕಿಯೊಂದಿಗೆ ಆಗಲಿಲ್ಲ. ನಾನು ಗೋಡೆಯ ಈಚೆ ಹಿಟ್ಟು ತುಂಬುತ್ತಿದ್ದೆ. ಆಕೆ ದನಿ ಏರಿಸದೆ ಕೇಳಿದಳು. "ಇಷ್ಟು ವರ್ಷ ಸಂಸಾರ ಮಾಡೀನಿ. ನಿಮಗ ಏನರ ಬೇಡೀನೇನು?"

"ಇಲ್ಲ."

"ಇದೊಂದು ಬೇಡ್ತೀನಿ. ಆ ಹುಂಜ ಅಕಿಗಿ ಮುಟ್ಟಿಸಿಬಿಡ್ರಿ. ಕೂಸಿನ ಮೈ ಮುಟ್ಟಿದ್ರ ನನ್ನ ಎದಿ ಡವಗುಟ್ಟತದ."

ಮಂಗಳವಾರ ಮುಂಜಾನೆ ಕಾಕಾ ಸ್ನಾನ ಮಾಡಿ, ಹುಂಜವನ್ನು ಕಂಕುಳಲ್ಲಿ ಹಿಡಿದುಕೊಂಡು ಮರಗಮ್ಮನ ಗುಡಿಯ ಕಡೆ ನಡೆದ. ಓಣಿಯ ಜನ ಬಾಗಿಲಿಗೆ ಬಂದು ನೋಡಿದರು. ಅಂತೂ ಬಗ್ಗಿದ ಅಂದುಕೊಂಡರು. ನಾನೂ ಹಾಗೆಯೇ ಅಂದುಕೊಂಡು ಹಿಂದೆ ಹೋದೆ.

ಗುಡಿಯ ಮೆಟ್ಟಿಲ ಹತ್ತಿರ ಹುಂಜವನ್ನು ಕೆಳಗೆ ಬಿಟ್ಟು ಕೈ ಮುಗಿದ. "ಇಕ್ಕೋ ಅವ್ವಾ. ನಿಂದು ನಿನಗ ಕೊಟ್ಟೀನಿ." ಆಮೇಲೆ ಹುಂಜಕ್ಕೂ ಪೂಜಾರಿಗೂ ನಡುವೆ ಚಕ್ಕಳಬಕ್ಕಳ ಹಾಕಿ ಕುಳಿತ. ಕುಡುಗೋಲು ಹಿಡಿದು ಬಂದ ಪೂಜಾರಿ ನಿಂತ.

"ಸರಿಯಪಾ ಆಚಿಗಿ."

"ಯಾಕ?"

"ಕೊಯ್ಯಾಕ."

"ಕೊಯ್ಯಾಕ ಯಾರ್ ಅಂದಾರ? ಅಕಿಗಿ ಕೊಟ್ಟೀನಿ. ಅಕಿ ತಗೋಲಿ. ನಡಕ ನಿನ್ನ ಕೈಗಿ ಹ್ಯಾಂಗ ಬಂತು?"

"ಪದ್ಧತಿ ಅದಪಾ. ತಲಿ ನನ್ನ ಪಾಲು."

"ನಿನ್ನ ಪಾಲಿನ ತಲಿ ಇಲ್ಲೇ ಅದಲ್ಲೋ. ದಿನಾ ಮುಂಜಾನಿ ಕೂಗಿ ಎಬ್ಬಸ್ತದ. ಕೊಯ್ದಿದ್ದು ಕೂಗ್ತದೇನು?"

ನೆರೆದವರು ನಕ್ಕರು, ಪೂಜಾರಿಯೂ ನಗು ತಡೆಯಲಾರದೆ ಒಳಗೆ ಹೋದ. ಆದರೆ ಒಂದು ವಿಷಯ ಕಾಕಾನಿಗೆ ಗೊತ್ತಿತ್ತು. ಆ ಗುಡಿಯ ಬಯಲಲ್ಲಿ ಜೀವಂತ ಬಿಟ್ಟ ಕೋಳಿಗಳೂ ಇರುತ್ತಿದ್ದವು, ಸಂಜೆಯೊಳಗೆ ಯಾರದೋ ಸಾರಿನ ಗಡಿಗೆ ಸೇರುತ್ತಿದ್ದವು. ಅದಕ್ಕೇ ಆತ ಏಳಲಿಲ್ಲ. ಮಳೆ ಹನಿಯಿತು, ಬೇವಿನ ಮರದ ಬುಡಕ್ಕೆ ಸರಿದ, ಅಷ್ಟೇ. ಕಾಕಿ ಸಿಟ್ಟಿನಿಂದ ಬುತ್ತಿ ಕಳಿಸಲಿಲ್ಲ. ಮಗಳು ನನ್ನ ಕೈಯಲ್ಲಿ ರೊಟ್ಟಿ ಕಟ್ಟಿಕೊಟ್ಟಳು.

ಆತ ಮನೆಗೆ ಹೋಗಿ ಬರಬೇಕಾದಾಗ ಕಾವಲಿಗೆ ನನ್ನನ್ನು ಕೂಡ್ರಿಸುತ್ತಿದ್ದ. "ನೀ ಲಿಂಗ ಕಟ್ಟಿದಾಂವ. ಈ ಓಣ್ಯಾಗ ಹುಂಜ ನೋಡಿದ್ರ ಬಾಯಾಗ ನೀರ ಬರಲಾರದ ಮನಿಶ್ಯಾ ನೀ ಒಬ್ಬನ." ಹೀಗೆ ನಮ್ಮ ವಂಶದಲ್ಲಿಯೇ ಮೊದಲ ಬಾರಿಗೆ ಒಬ್ಬ, ಹಣೆಗೆ ವಿಭೂತಿ ಹಚ್ಚಿಕೊಂಡು, ಮರಗಮ್ಮನ ಮುಂದೆ ಹುಂಜ ಕಾಯುತ್ತ ಕುಳಿತ. ನಮ್ಮವ್ವ ಮನೆಗೆ ಬಂದ ಮೇಲೆ ಕೇಳಿದಳು: "ಗಿರಣಿ ಬಿಟ್ಟು ಈ ನೌಕರಿ ಹಿಡದೀ ಏನು? ಪಗಾರ ಎಷ್ಟಪಾ?"

ಶುಕ್ರವಾರ ಕಾಕಿ ಬಂದಳು. ತೋಳಲ್ಲಿ ಕೂಸು, ಹಿಂದೆ ಕಾಕಾನ ಅಕ್ಕ. ಮೂರು ದಿನಕ್ಕೆ ಪೂಜಾರಿಗೂ ಸಾಕಾಗಿತ್ತು. "ಹೂ ಕೇಳೂಣು" ಅಂದ. ದೇವಿಯ ಹೆಗಲ ಮೇಲೆ ಹೂವಿಟ್ಟು ಬೇಡಿಕೊಳ್ಳುವುದು. ಬಲಕ್ಕೆ ಬಿದ್ದರೆ ಹುಂಜ ಬದುಕಲಿ ಅಂತ, ಎಡಕ್ಕೆ ಬಿದ್ದರೆ ತನಗೆ ಬೇಕು ಅಂತ. ಅಕ್ಕ ಕೂಡಲೇ ಒಪ್ಪಿದಳು. ಕಾಕಿಯ ಮುಖದಲ್ಲಿ ಒಂದಿಷ್ಟು ಗೆಲುವು ಬಂತು.

"ಬ್ಯಾಡ" ಅಂದ ಕಾಕಾ.

"ಯಾಕೋ, ಈಗ ಅಂಜಿಕಿ ಬಂತೇನು?" ಅಕ್ಕ ಚುಚ್ಚಿದಳು.

"ಹೂ ಎಡಕ್ಕ ಬಿದ್ರೂ ನಾ ಕೊಯ್ಯಾಕ ಬಿಡಾಂಗಿಲ್ಲ. ಬಿಡಲಾರದಾಂವ ಅಕಿನ್ನ ಯಾಕ ಕೇಳಬೇಕು? ಒಮ್ಮಿ ಸುಳ್ಳಿಗಿ ಅಕಿ ಹೆಸರು ತಗೊಂಡೀನಿ, ನಿನ್ನ ಕೈ ತಡಿಯಾಕ. ಎರಡನೇ ಸುಳ್ಳು ಅಕಿ ಮುಂದ ನಿಂತು ಮಾಡಾಂಗಿಲ್ಲ."

ಎದ್ದು ಗರ್ಭಗುಡಿಯ ಹೊಸ್ತಿಲ ಹತ್ತಿರ ಹೋದ. ಆ ಎತ್ತರದ ಮೈ ಬಾಗಿಲ ತುಂಬ ನಿಂತಿತು.

"ಕೇಳವ್ವಾ. ತಪ್ಪು ನಂದು. ಸಿಟ್ಟಿದ್ರ ನನ್ನ ಮ್ಯಾಲ ಮಾಡು. ಈ ಕೈಯಾಗ ಇನ್ನ ಮೂರು ಬೆರಳ ಅದಾವ, ತಗೋ. ಕೂಸಿನ ತಂಟಿಗಿ ಬರಬ್ಯಾಡ, ಹುಂಜದ ತಂಟಿಗೂ ಬರಬ್ಯಾಡ. ಸಾಯ್ತದ ಅಂತ ಊರ ಅಂದಿದ್ದನ್ನ ನಾ ಕಿಸೇದಾಗ ಇಟಗೊಂಡು ಬದುಕಿಸೀನಿ. ಕೊಯ್ಯಾಕ ಬದುಕಿಸಿಲ್ಲ. ಇಷ್ಟಾದ್ರೂ ನಿನಗ ಬೇಕ ಬೇಕಂದ್ರ, ಈ ಗುಡಿಗಿ ಲೈನ್ ಎಳದಾಂವ ನಾನ ಅದೀನಿ, ನೆನಪಿರ್ಲಿ."

ಪೂಜಾರಿ ಕೆನ್ನೆ ಬಡಿದುಕೊಂಡ. ಕೂಸು ಕೆಮ್ಮಿತು. ಕಾಕಿ ಮುಂದೆ ಬಂದು ಕೂಸನ್ನು ಕಾಕಾನ ಕೈಗೆ ಕೊಟ್ಟಳು. ಹೊಸ್ತಿಲಿಗೆ ಹಣೆ ಹಚ್ಚಿ ಬಹಳ ಹೊತ್ತು ಹಾಗೆಯೇ ಇದ್ದಳು. ಏನು ಬೇಡಿಕೊಂಡಳೋ ಆಕೆ ಯಾರಿಗೂ ಹೇಳಲಿಲ್ಲ. ಎದ್ದಾಗ ಹಣೆಯ ತುಂಬ ಭಂಡಾರವಿತ್ತು. ಸೀದಾ ಬೇವಿನ ಮರದ ಹತ್ತಿರ ಹೋಗಿ ಹುಂಜವನ್ನು ಎತ್ತಿ ಕಂಕುಳಲ್ಲಿಟ್ಟುಕೊಂಡಳು. ಕಾಲಿನ ಅರಿಷಿಣದ ದಾರ ಬಿಚ್ಚಿ ಮೆಟ್ಟಿಲ ಮೇಲಿಟ್ಟಳು.

"ನಡೀರಿ ಮನಿಗಿ. ಅಕಿ ಏನೂ ಅನ್ನಲಿಲ್ಲ."

"ಅನ್ನಾಕ ಅಕಿ ನಿನ್ನ ಗಂಡನಂಗ ಬಾಯಿ ಮಾಡ್ತಾಳೇನು?" ಅಕ್ಕ ಕೇಳಿದಳು.

"ಇಷ್ಟು ಅನ್ನಿಸಿಕೊಂಡು ಸಿಟ್ಟ ಬಂದಿದ್ರ ಸುಮ್ನಿರ್ತಿದ್ಳೇನ್ರಿ ಅಕ್ಕಾ? ನಾ ಆಗಿದ್ರ ಇರತಿರಲಿಲ್ಲ" ಎಂದು ಕಾಕಿ ಮುಂದೆ ನಡೆದಳು.

ಕೂಸಿನ ಜ್ವರ ಮುಂದಿನ ವಾರ ಇಳಿಯಿತು. ಕಾಕಿ ಮರಗಮ್ಮನಿಗೆ ತೆಂಗಿನಕಾಯಿ ಒಡೆಸಿದಳು, ಮಗಳು ಡಾಕ್ಟರ ಔಷಧ ಅಂದಳು. ಕಾಕಾ ಯಾರ ಹೆಸರನ್ನೂ ಹೇಳದೆ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಓಣಿ ತಿರುಗಿದ. ಅಕ್ಕ ಸಿಟ್ಟಿನಿಂದ ಹುಣಸಗಿ ಬಸ್ಸು ಹತ್ತಿದವಳು ದೀಪಾವಳಿಗೆ ಬರಲಿಲ್ಲ.

ಹುಂಜ ಮರುವರ್ಷದವರೆಗೆ ಕುಂಟುತ್ತ, ಒಡಕು ದನಿಯಲ್ಲಿ ಓಣಿಯನ್ನೆಲ್ಲ ಎಬ್ಬಿಸುತ್ತ ಬದುಕಿತು. ಬೇಸಿಗೆಯ ಒಂದು ಮಧ್ಯಾಹ್ನ ಬೀದಿನಾಯಿಯೊಂದು ಅಂಗಳಕ್ಕೆ ನುಗ್ಗಿ ಅದನ್ನು ಹಿಡಿಯಿತು. ನಾವು ಓಡಿಬರುವಷ್ಟರಲ್ಲಿ ಗರಿ ಮಾತ್ರ ಬಿದ್ದಿದ್ದವು. ಸುದ್ದಿ ಹೇಗೆ ಮುಟ್ಟಿತೋ, ಸಂಜೆ ಅಕ್ಕನ ಫೋನು ಬಂತು. ಅಂಗಳದಲ್ಲಿ ನಿಂತವರಿಗೆಲ್ಲ ಕೇಳುವಷ್ಟು ಗಟ್ಟಿ ದನಿ.

"ನೋಡಿದೇನೋ? ದೇವಿ ತನ್ನದ ತಾ ತಗೊಂಡ್ಳು."

"ನಾಯಿ ತಗೊಂಡದ" ಅಂದ ಕಾಕಾ. "ಕಳುವು ಮಾಡಿದ್ದು ನಾಯಿ, ಹೆಸರು ಅಕಿದ್ಯಾಕ ಕೆಡಸ್ತಿ?"

ಫೋನಿಟ್ಟು ಬಡಿಗೆ ತೆಗೆದುಕೊಂಡು ನಾಯಿ ಹುಡುಕುತ್ತ ಹೊರಟ. ಕಾಕಿ ಬೇಡ ಅಂದಳು, ಕೇಳಲಿಲ್ಲ. ಗಿರಣಿಯ ಹಿಂದೆ, ನಾನು ತೌಡಿನ ಹರಕು ಚೀಲಗಳನ್ನು ಒಗೆಯುವ ಜಾಗದಲ್ಲಿ, ಆ ನಾಯಿ ಸಿಕ್ಕಿತು. ಹೆಣ್ಣು ನಾಯಿ, ಎಲುಬು ಎಣಿಸುವ ಹಾಗೆ ಬಡಕಲು. ಚೀಲಗಳ ಮೇಲೆ ಮಲಗಿ ಮರಿಗಳಿಗೆ ಮೊಲೆ ಕೊಡುತ್ತಿತ್ತು. ಬಾಯಿಯ ಅಂಚಿನಲ್ಲಿ ಇನ್ನೂ ಒಂದು ಕೆಂಪು ಗರಿ. ಕಾಕಾ ಬಡಿಗೆ ಎತ್ತಿದ. ನಾಯಿ ಏಳಲಿಲ್ಲ, ಹಲ್ಲು ತೋರಿಸಿ ಗುರ್ ಅಂದಿತು. ಕಾಕಾ ಬಡಿಗೆ ಇಳಿಸಿದ.

ತಿರುಗಿ ಬಂದು ಬಡಿಗೆಯನ್ನು ಬಾಗಿಲ ಹಿಂದೆ ಇಟ್ಟ.

"ರೊಟ್ಟಿ ಉಳದಾವೇನು?" ಎಂದು ಕೇಳಿದ.

ಕಾಕಿ ಆತನ ಮುಖ ನೋಡಿದಳು. ಒಳಗೆ ಹೋಗಿ ಬುಟ್ಟಿಯಲ್ಲಿದ್ದ ರೊಟ್ಟಿಯನ್ನೆಲ್ಲ ಮುರಿದು ಹಾಲಿನಲ್ಲಿ ನೆನೆಸಿಕೊಂಡು ತಂದಳು. ತಾಟನ್ನು ಆತನ ಕೈಗೆ ಕೊಡದೆ, ಸೆರಗು ಬಿಗಿದು ತಾನೇ ಗಿರಣಿಯ ಹಿಂದಕ್ಕೆ ನಡೆದಳು.